ಒಂದು ಕಂಬ ಜೋರು, ಒಂದು ಕಂಬ ನಿಧಾನ

ತಿರುಮಣಿಯಿಂದ ನಮ್ಮ ಹೊಲಕ್ಕೆ ಹೋಗುತ್ತಿದ್ದ ಗಾಡಿದಾರಿ ಈಗ ಎರಡು ತಂತಿಬೇಲಿಗಳ ನಡುವೆ ಸಿಕ್ಕಿಕೊಂಡಿದೆ. ಎಡಕ್ಕೂ ಸೋಲಾರ್ ಪ್ಲೇಟು, ಬಲಕ್ಕೂ ಸೋಲಾರ್ ಪ್ಲೇಟು. ಊರ ಕಡೆಯಿಂದ ಒಳಹೊಕ್ಕರೆ ಆಚೆ ತುದಿಯ ಡಾಂಬರು ರಸ್ತೆ ಮುಟ್ಟುವತನಕ ಪಕ್ಕಕ್ಕೆ ಹೊರಳಲು ಜಾಗವಿಲ್ಲ. ಎದುರಿಗೆ ಯಾರಾದರೂ ಬಂದರೆ ಮುಖ ತಪ್ಪಿಸುವಂತಿಲ್ಲ. ಜೊತೆಗಿದ್ದವರ ಮಾತು ಸಾಕಾಯಿತೆಂದು ಬಿಟ್ಟು ಹೋಗುವಂತೆಯೂ ಇಲ್ಲ. ಆ ದಾರಿಯಲ್ಲಿ ನಾನು ಅಪ್ಪನ ಜೊತೆ ಒಂದು ಚಳಿಗಾಲ ಪೂರ್ತಿ, ಬೇಸಿಗೆಯ ಬಹುಪಾಲು ನಡೆದೆ. ನಡೆಯಲು ಅವನನ್ನು ಒಪ್ಪಿಸಿದವಳು ನಾನೇ, ಅದೂ ವಾದ ಮಾಡಿ ಗೆದ್ದು.

ಅಪ್ಪನಿಗೆ ಸಕ್ಕರೆ ಕಾಯಿಲೆ ಎಂದು ತಿಳಿದದ್ದು ನಾನು ಜೀವರಸಾಯನದಲ್ಲಿ ಎಂ.ಎಸ್ಸಿ. ಮುಗಿಸಿ, ಮನೆಯಲ್ಲಿ ಕೂತು ಕಂಡ ಕಂಡ ಕಾಲೇಜಿಗೆ ಅರ್ಜಿ ಹಾಕುತ್ತಿದ್ದಾಗ. ಪಾವಗಡದ ಡಾಕ್ಟರು ಮಾತ್ರೆ ಬರೆದುಕೊಟ್ಟರು. ಮಾತ್ರೆಗೆ ಬಗ್ಗದಿದ್ದಾಗ, "ಬೇಸಿಗೆ ಹೊತ್ತಿಗೂ ಇಳೀಲಿಲ್ಲ ಅಂದ್ರೆ ಇಂಜೆಕ್ಷನ್ ಶುರು ಮಾಡೋಣ. ಅಷ್ಟರಲ್ಲಿ ಸ್ವಲ್ಪ ನಡೀರಿ ಯಜಮಾನ್ರೇ" ಎಂದರು. ಹಿಂದೆಲ್ಲ ಅಪ್ಪ ಬೆಳಕು ಹರಿಯುವ ಹೊತ್ತಿಗೆ ಕಡಲೆಕಾಯಿ ಹೊಲದಲ್ಲಿರುತ್ತಿದ್ದ. ಭೂಮಿಯನ್ನು ಸೋಲಾರಿಗೆ ಗುತ್ತಿಗೆ ಕೊಟ್ಟ ಮೇಲೆ ಅವನ ಪಂಚೆ ಬೆಳ್ಳಗಾಯಿತು, ಹೊಟ್ಟೆ ಮುಂದೆ ಬಂತು, ತೊಡೆ ಸಣ್ಣಗಾಯಿತು. ದಿನವಿಡೀ ಜಗಲಿಯ ಮೇಲೆ ಕೂತು ಹೋಗಿಬರುವವರನ್ನು "ಎಲ್ಲಿಗೆ?" ಎಂದು ಕೇಳುವುದೇ ಕೆಲಸವಾಯಿತು.

ನಡೆಯುವ ಮಾತು ಎತ್ತಿದ ದಿನ ಮನೆಯಲ್ಲಿ ದೊಡ್ಡ ಸಭೆಯೇ ನಡೆಯಿತು. ಅಮ್ಮ ಹಾಗಲಕಾಯಿ ರಸದ ಪರ. ಅಪ್ಪ ಮೊಬೈಲಿಗೆ ಬಂದಿದ್ದ ಒಂದು ವಿಡಿಯೋದ ಪರ. ಅದರಲ್ಲಿ ಒಬ್ಬ ಹೊಟ್ಟೆಗೆ ಪ್ಲಾಸ್ಟಿಕ್ ಸುತ್ತಿಕೊಂಡು ಬಿಸಿಲಲ್ಲಿ ಕೂತು, ಬೆವರೇ ಕರಗಿದ ಕೊಬ್ಬು ಎಂದು ಸಾರುತ್ತಿದ್ದ.

"ಬೆವರು ನೀರು ಕಣಪ್ಪ. ಕೊಬ್ಬು ಬೆವರಾಗಿ ಬರೋದಾಗಿದ್ರೆ ನಿನ್ನ ಬನಿಯನ್ ಹಿಂಡಿ ಒಗ್ಗರಣೆ ಹಾಕ್ಬೋದಾಗಿತ್ತು" ಎಂದೆ.

"ಥೂ!" ಎಂದಳು ಅಮ್ಮ. ಅಪ್ಪ ನಕ್ಕ. ನಕ್ಕವನು ಅರ್ಧ ಸೋತ ಹಾಗೆ ಎಂಬುದು ನನ್ನ ಅನುಭವ. ಮಧುಗಿರಿಯಲ್ಲಿ ಡಿಗ್ರಿ ಓದುವಾಗ ಚರ್ಚಾಸ್ಪರ್ಧೆ ಎಂದು ಶಿರಾ, ಕೊರಟಗೆರೆ, ತುಮಕೂರು ಸುತ್ತಿದವಳು ನಾನು. ಚೀಟಿ ಎತ್ತಿದಾಗ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ.

ಅಂದು ನಾನು ಹೇಳಿದ್ದು ಇಷ್ಟು. ಕೊಬ್ಬು ಇರುವುದು ಹೊಟ್ಟೆಯಲ್ಲಿ ಮಾತ್ರ ಅಲ್ಲ. ತೊಡೆಯ ಸ್ನಾಯುವಿನ ಎಳೆ ಎಳೆಯ ಒಳಗೂ ಸಣ್ಣ ಸಣ್ಣ ಹನಿಯಾಗಿ ಕೂತಿರುತ್ತದೆ. ಕೂತಿರುವುದೇ ತಪ್ಪಲ್ಲ. ದಿನಾ ಓಡುವವರ ಸ್ನಾಯುವಿನಲ್ಲೂ ಅಷ್ಟೇ ಹನಿ ಇರಬಹುದು, ಹೆಚ್ಚೂ ಇರಬಹುದು. ಅವರಿಗೆ ಅದು ಬರುತ್ತದೆ, ಉರಿಯುತ್ತದೆ, ಮತ್ತೆ ಬರುತ್ತದೆ. ಕೂತವರಿಗೆ ಬಂದದ್ದು ಬಂದಲ್ಲೇ ಉಳಿಯುತ್ತದೆ. ಕಡಲೆಕಾಯಿ ಮೂಟೆ ದಿನಾ ಗಾಣಕ್ಕೆ ಹೋಗುವ ಮನೆಗೂ, ಪಡಸಾಲೆಯಲ್ಲೇ ಬಿದ್ದು ಮುಗ್ಗಲು ಹಿಡಿಯುವ ಮನೆಗೂ ಇರುವ ವ್ಯತ್ಯಾಸ. ಅರ್ಧಂಬರ್ಧ ಅರೆದು ಬಿಟ್ಟ ಆ ಕೊಬ್ಬಿನ ಜಿಡ್ಡು ಸ್ನಾಯುವಿನ ಬಾಗಿಲ ಅಗುಳಿಗೆ ಮೆತ್ತಿಕೊಂಡರೆ, ಸಕ್ಕರೆಯನ್ನು ಒಳಗೆ ಬಿಡಿ ಎಂದು ಇನ್ಸುಲಿನ್ ಎಷ್ಟು ಬಡಿದರೂ ಬಾಗಿಲು ತೆರೆಯುವುದಿಲ್ಲ.

"ಅಂಗಾದ್ರೆ ನನ್ನ ತೊಡೇಲಿ ಗಾಣ ನಿಂತೋಗೈತೆ ಅಂತೀಯ?"

"ಪೂರ್ತಿ ನಿಂತಿಲ್ಲ. ತುಕ್ಕು ಹಿಡಿದೈತೆ. ಇರೋವೂ ಕಮ್ಮಿ ಆಗವೆ."

ಅದಕ್ಕೆ ಮದ್ದಾಗಿ ನಾನು ಮಂಡಿಸಿದ್ದು ಜೋರು-ನಿಧಾನದ ನಡಿಗೆ. ಗಾಡಿದಾರಿಯ ಬೇಲಿಯಾಚೆ ಸಾಲಾಗಿ ದೀಪದ ಕಂಬಗಳಿವೆ. ಒಂದು ಕಂಬದಿಂದ ಮುಂದಿನ ಕಂಬಕ್ಕೆ ಮಾತಾಡಲು ಉಸಿರು ಸಿಗದಷ್ಟು ಜೋರು. ಅಲ್ಲಿಂದ ಮುಂದಿನದಕ್ಕೆ ನಿಧಾನ. ಮತ್ತೆ ಜೋರು. ಜೋರಾಗಿ ಹೋಗುವಾಗ ಉರಿಯುವುದು ಹೆಚ್ಚಾಗಿ ಸ್ನಾಯುವಿನಲ್ಲಿಟ್ಟ ಸಕ್ಕರೆಯೇ, ಕೊಬ್ಬಲ್ಲ. ಇದನ್ನೂ ನಾನು ಮುಚ್ಚಿಡಲಿಲ್ಲ. ಆದರೆ ಹಾಗೆ ಮತ್ತೆ ಮತ್ತೆ ಅವಸರ ಮಾಡಿದರೆ ಸ್ನಾಯು ಹೆದರಿ ಕೊಬ್ಬು ಉರಿಸುವ ಹೊಸ ಗಾಣ ಹಾಕಿಕೊಳ್ಳುತ್ತದೆ. ಕೊಬ್ಬನ್ನು ಗಾಣದೊಳಕ್ಕೆ ಹೊತ್ತು ಹಾಕುವ ಆಳುಗಳೂ ಹೆಚ್ಚುತ್ತಾರೆ. ಆಮೇಲೆ ನಿಧಾನ ನಡೆಯುವಾಗ, ಕೂತಾಗ, ಮಲಗಿದಾಗಲೂ ಕೊಬ್ಬು ಉರಿಯುವುದು ಸುಲಭವಾಗುತ್ತದೆ.

"ಸುಮ್ನೆ ಒಂದೇ ಸಮ ನಡೆದ್ರೆ ಆಗಲ್ವಾ?" ಎಂದು ಅಪ್ಪ ಒಳ್ಳೆಯ ಪ್ರಶ್ನೆಯನ್ನೇ ಕೇಳಿದ.

"ಆಗುತ್ತೆ. ಹೆಚ್ಚು ಹೊತ್ತು ನಡೀಬೇಕು. ನಡೀತೀಯಾ?"

"ಇಲ್ಲ."

"ಮುಗೀತು."

ಡಾಕ್ಟರು ಎದೆಯ ಪರೀಕ್ಷೆ ಮಾಡಿಸಿ, ತಲೆ ಸುತ್ತಿದರೆ ನಿಲ್ಲಿಸಿ ಎಂದು ಹೇಳಿ ಒಪ್ಪಿದರು. ಅಪ್ಪ ಮಾತ್ರ ಒಂದು ಷರತ್ತು ಹಾಕಿದ: "ನೀನು ಬಂದ್ರೆ ಬತ್ತೀನಿ. ನೀನು ಬರದ ದಿನ ನಾನೂ ಬರಲ್ಲ." ಗೆದ್ದ ಗುಂಗಿನಲ್ಲಿದ್ದ ನಾನು ಅದನ್ನು ಷರತ್ತು ಎಂದು ಎಣಿಸಲೇ ಇಲ್ಲ.

ಸಂಕ್ರಾಂತಿ ಕಳೆದ ಮೇಲೆ ಕೊರಟಗೆರೆಯ ಒಂದು ಖಾಸಗಿ ಪಿಯು ಕಾಲೇಜಿನಿಂದ ಫೋನು ಬಂತು. ಜೀವಶಾಸ್ತ್ರ ಪಾಠ ಮಾಡಬೇಕು, ತರಗತಿ ಶುರುವಾಗುವ ಹೊತ್ತಿಗೆ ಬಂದು ಸೇರಬೇಕು, ಅಲ್ಲೇ ರೂಮು ಮಾಡಿಕೊಂಡು ಇರಬೇಕು. ನಾನು ಕುಣಿದಾಡಿದೆ. ಅಪ್ಪ "ಒಳ್ಳೇದು" ಎಂದ. ಮರುದಿನ ಬೇಲಿಗಳ ನಡುವೆ, ನಿಧಾನದ ಕಂಬದಲ್ಲಿ, ಸುತ್ತ ಯಾರೂ ಇಲ್ಲದ್ದನ್ನು ನೋಡಿ ಕೇಳಿದ: "ನೀನು ಹೋದ್ಮೇಲೆ ನಾನು ಯಾರ ಜೊತೆ ನಡೀಲಿ?"

"ಒಬ್ನೇ ನಡಿ. ಕಂಬ ಏನು ನಾನು ಹೊತ್ಕೊಂಡ್ ಹೋಗ್ತೀನಾ?"

"ಅದಲ್ಲ ಕಣಮ್ಮ. ಇಂಜೆಕ್ಷನ್ ಗಿಂಜೆಕ್ಷನ್ ಶುರುವಾದ್ರೆ, ಮಗಳು ಬಿಟ್ಟೋದ್ಲು ಅದಕ್ಕೇ ಇಂಗಾತು ಅಂತ ನಾಳೆ ನಿಂಗೇ ಬೇಜಾರಾಗ್ತದೆ. ನಾನು ಏನೂ ಅನ್ನಲ್ಲ ಬುಡು."

ಇಷ್ಟು ಹೇಳುವಷ್ಟರಲ್ಲಿ ಕಂಬ ಬಂದಿತ್ತು. "ಸ್ಪೀಡು!" ಎಂದವನೇ ಪಂಚೆ ಎತ್ತಿಕಟ್ಟಿ ಹೊರಟೇಬಿಟ್ಟ. ನಾನು ಹಿಂದೆ ಬಿದ್ದೆ. ಹೇಳಬೇಕಾದ ಉತ್ತರ ಗಂಟಲಲ್ಲಿತ್ತು, ಉಸಿರು ಇರಲಿಲ್ಲ. ಮುಂದಿನ ಕಂಬದ ಹೊತ್ತಿಗೆ ಅವನು ಬೇರೆಯದೇ ವಿಷಯ ತೆಗೆದಿದ್ದ.

ಮೊದಲು ಇದು ಕಾಕತಾಳೀಯ ಎಂದುಕೊಂಡೆ. ಒಂದು ವಾರ ಗಮನಿಸಿದ ಮೇಲೆ ಅನುಮಾನ ಉಳಿಯಲಿಲ್ಲ. ಅಪ್ಪ ನಿಧಾನದ ಕಂಬದಲ್ಲಿ ಮೊದಲರ್ಧ ಸುಮ್ಮನಿರುತ್ತಿದ್ದ. ಮುಂದಿನ ಕಂಬ ಹತ್ತಿರವಾಗುತ್ತಿದ್ದಂತೆ ತನ್ನ ವಾದ ಮುಂದಿಡುತ್ತಿದ್ದ. "ತಾವರೆಕೆರೆಯಿಂದ ನಿಮ್ಮತ್ತೆ ಒಂದು ಸಂಬಂಧ ಹೇಳವ್ಳೆ, ಹುಡುಗ ಕೆಇಬೀಲವ್ನೆ." ಸ್ಪೀಡು. "ಆ ಕಾಲೇಜು ಇನ್ನೊಂದೊರ್ಷಕ್ಕೆ ಮುಚ್ಚೋಗ್ತದಂತೆ." ಸ್ಪೀಡು. "ಹೆಣ್ಮಗು ಒಂಟಿಯಾಗಿ ರೂಮಲ್ಲಿದ್ರೆ ಊರು ಏನಂತದೆ?" ಸ್ಪೀಡು. ಸ್ಪರ್ಧೆಗಳಲ್ಲಿ ಎದುರಾಳಿ ಮುಗಿಸಿದ ಮೇಲೆ ಖಂಡಿಸಲು ಸಮಯ ಕೊಡುತ್ತಿದ್ದರು, ಗಂಟೆ ಹೊಡೆಯುತ್ತಿದ್ದರು. ಇಲ್ಲಿ ಗಂಟೆಯೂ ಅಪ್ಪನ ಕೈಯಲ್ಲೇ. ನಾನೇ ಕಲಿಸಿದ ವಿದ್ಯೆಯಿಂದ ನನ್ನದೇ ಉಸಿರು ಕಟ್ಟಿಸಿ ಅವನು ದಿನಕ್ಕೆ ನಾಲ್ಕಾರು ಸಲ ಗೆಲ್ಲುತ್ತಿದ್ದ. ಪಕ್ಕಕ್ಕೆ ಹೋಗೋಣವೆಂದರೆ ತಂತಿ. ನಿಂತುಬಿಡೋಣವೆಂದರೆ, ನಾನು ನಿಂತರೆ ಅವನೂ ನಿಲ್ಲುತ್ತಾನೆ. ಅವನು ನಿಂತರೆ ಅವನ ಸಕ್ಕರೆ ಏರುತ್ತದೆ. ಏರಿದರೆ ಕೊರಟಗೆರೆ ಮುಗಿಯಿತು.

ಮನೆಯಲ್ಲಿ ಈ ಮಾತೇ ಇಲ್ಲ. ಜಗಲಿಯ ಮೇಲೆ ನಾನು ಶುರು ಮಾಡಿದರೆ "ಅದ್ಯಾಕೆ ಈಗ? ನಾಳೆ ನಡೀವಾಗ ಮಾತಾಡಣ" ಎನ್ನುತ್ತಿದ್ದ.

ಬೇಸಿಗೆ ಶುರುವಾದಾಗ ಡಾಕ್ಟರು ಮತ್ತೆ ರಕ್ತ ನೋಡಿದರು. ಇಳಿದಿತ್ತು. ಪೂರ್ತಿ ಸರಿಯಾಗಿರಲಿಲ್ಲ, ಆದರೆ ಇಂಜೆಕ್ಷನ್ ಮಾತು ಮುಂದಕ್ಕೆ ಹೋಯಿತು. ತೂಕ ಹೆಚ್ಚುಕಮ್ಮಿ ಅಷ್ಟೇ ಇತ್ತು. ಇದನ್ನು ನಡಿಗೆಯ ಗೆಲುವು ಎಂದು ನಾನು ಪ್ರಮಾಣ ಮಾಡಲಾರೆ. ಅದೇ ತಿಂಗಳುಗಳಲ್ಲಿ ಅಮ್ಮ ಅನ್ನ ಕಡಿಮೆ ಬಡಿಸಿದ್ದಳು, ಡಾಕ್ಟರು ಮಾತ್ರೆ ಬದಲಿಸಿದ್ದರು. ಅಪ್ಪನ ತೊಡೆಯ ಎಳೆ ತೆಗೆದು ಒಳಗೆ ಹನಿಗಳು ಏನಾದವು ಎಂದು ಯಾರೂ ನೋಡಿಲ್ಲ. ಒಬ್ಬ ಮನುಷ್ಯ, ಮೂರು ಬದಲಾವಣೆ, ಒಂದು ಫಲಿತಾಂಶ. ಎದುರಾಳಿ ಇಂಥ ಸಾಕ್ಷ್ಯ ತಂದಿದ್ದರೆ ನಾನು ಹರಿದು ಕೈಗೆ ಕೊಡುತ್ತಿದ್ದೆ. ಆದರೆ ಮೆಟ್ಟಿಲು ಹತ್ತುವಾಗ ಅಪ್ಪ ಗೋಡೆ ಹಿಡಿಯುವುದನ್ನು ಬಿಟ್ಟಿದ್ದ. ಅದನ್ನು ಮಾತ್ರ ಕಣ್ಣಾರೆ ಕಂಡಿದ್ದೆ.

ಆ ವಾರವೇ ಕುಡಿಯುವ ನೀರಿನ ಘಟಕದ ಹತ್ತಿರ ಕ್ಯಾನು ಹಿಡಿದು ನಿಂತಿದ್ದೆ. ಹಿಂದಿನ ಬೀದಿಯ ಒಬ್ಬಾಕೆ, ನಾನು ದೊಡ್ಡಮ್ಮ ಎಂದು ಕರೆಯುವವರು, ಹತ್ತಿರ ಬಂದು ದನಿ ತಗ್ಗಿಸಿದರು.

"ಸಕ್ಕರೆ ಈಗೆಂಗೈತಮ್ಮ?"

"ಇಳಿದೈತೆ ದೊಡ್ಡಮ್ಮ."

"ದೇವ್ರು ದೊಡ್ಡೋನು. ಇಷ್ಟು ಸಣ್ಣ ವಯಸ್ಸಿಗೆ ನಿಂಗೆ ಬಂತಲ್ಲ ಅಂತ ನಮ್ಮನೇಲೆಲ್ಲ ಮಾತಾಡ್ಕೊಂಡ್ವಿ. ಪಾಪ ನಿಮ್ಮಪ್ಪ, ಮಗಳಿಗೋಸ್ಕರ ದಿನಾ ಆ ಬಿಸ್ಲಲ್ಲಿ ಓಡ್ತಾನೆ."

ಕ್ಯಾನು ತುಂಬಿ ನೀರು ಚೆಲ್ಲುತ್ತಿತ್ತು. "ನಂಗಲ್ಲ..." ಎಂದು ಶುರು ಮಾಡಿದವಳು ಮುಂದಿನ ಪದ ಹೇಳಲಿಲ್ಲ. ನನಗಲ್ಲ ಎಂದರೆ ಯಾರಿಗೆ ಎಂಬ ಪ್ರಶ್ನೆ ಬರುತ್ತದೆ.

ಮನೆಗೆ ಬಂದು ಅಮ್ಮನ ಮುಂದೆ ಕ್ಯಾನು ಕುಕ್ಕಿದೆ. ಅಮ್ಮನಿಗೆ ಎಲ್ಲ ಗೊತ್ತಿತ್ತು. ಬೇಳೆ ಆರಿಸುತ್ತಲೇ ಹೇಳಿದಳು.

"ನಿಮ್ಮಪ್ಪ ಏನು ಬೇಕಂತ ಹೇಳ್ಲಿಲ್ಲ ಕಣಮ್ಮ. ಮೊದಲ್ನೇ ದಿನಾನೇ ಡೈರಿ ತಾವ ಯಾರೋ ಎಲ್ಲಿಗೆ ಅಂತ ಕೇಳವ್ರೆ. ಮಗಳಿಗೆ ಡಾಕ್ಟ್ರು ನಡೀಬೇಕು ಅಂದವ್ರೆ ಅಂತ ಬಾಯಿಗೆ ಬಂದ್ಬುಡ್ತಂತೆ. ಆಮೇಲೆ ತಿದ್ದಕ್ಕಾಗ್ಲಿಲ್ಲ."

"ನಂಗೆ ಕಾಯಿಲೆ ಅಂತ ಊರಿಗೆಲ್ಲ ಹೇಳೋದು, ಆಮೇಲೆ ತಾವರೆಕೆರೆ ಸಂಬಂಧ ನೋಡೋದು. ಇದ್ಯಾವ ಲೆಕ್ಕಮ್ಮಾ?"

"ಆ ಸಂಬಂಧ ಎಲ್ಲೈತೆ? ಅವ್ರಿಗೂ ಸುದ್ದಿ ಮುಟ್ಟಿ ಬ್ಯಾಡ ಅಂದವ್ರೆ. ನಿಂಗೆ ಒಳ್ಳೇದೇ ಆತಲ್ಲ?"

ಅಮ್ಮ ಮೊರ ಕೆಳಗಿಟ್ಟಳು. "ಸೋಲಾರಿಗೆ ಕೊಡದೆ ಇನ್ನೂ ಬೇಸಾಯ ಮಾಡೋರು ಏನಂತಾರೆ ಗೊತ್ತಾ? ಭೂಮಿ ಪ್ಲೇಟಿಗೆ ಕೊಟ್ಟು ಕೂತ್ಕೊಂಡು ತಿಂತಾವ್ರೆ ಅಂತ. ಕೂತು ತಿಂದು ಸಕ್ಕರೆ ತರಿಸ್ಕೊಂಡ ಅನ್ನೋದನ್ನೂ ಅನ್ನಿಸ್ಕೊಬೇಕಾ ಅವ್ರು? ನೀನು ಬಿಟ್ಟೋಗೋಳು. ಅವ್ರು ಇಲ್ಲೇ ಇರೋರು."

ಮರುದಿನ ಬೆಳಿಗ್ಗೆ ಬೇಲಿಗಳ ನಡುವೆ ಹೊಕ್ಕ ಕೂಡಲೇ, ಅವನು ಬಾಯಿ ತೆರೆಯುವ ಮೊದಲೇ ಕೇಳಿದೆ. "ನಂಗೆ ಯಾವಾಗಪ್ಪ ಬಂತು ಸಕ್ಕರೆ?"

ಅಪ್ಪ ಕಂಬ ಬರುವುದಕ್ಕೂ ಕಾಯಲಿಲ್ಲ. ನಡಿಗೆ ಬಿರುಸು ಮಾಡಿದ. ನಾನೂ ಮಾಡಿದೆ. ಈ ಸಲ ಅವನು ಸುಮ್ಮನಿರಲಿಲ್ಲ. ಅದೇ ಬಿರುಸಿನಲ್ಲಿ, ಮುಂದೆ ನೋಡುತ್ತಲೇ ಮಾತಾಡಿದ.

"ಮತ್ತೇನ್ ಹೇಳ್ಬೇಕಿತ್ತು? ಇದು ನನ್ನ ಹೊಲದ ದಾರಿ. ಇಲ್ಲಿ ನಾನು ಗುದ್ಲಿ ಇಡ್ಕೊಂಡು ಓಡಾಡಿದೋನು, ಬೀಜ ಹೊತ್ಕೊಂಡು ಓಡಾಡಿದೋನು. ಈಗ ಬರೀ ಕೈ ಬೀಸ್ಕೊಂಡು, ಬೇಲಿ ಆಚೆ ನನ್ನದೇ ಹೊಲ ಇಟ್ಕೊಂಡು, ದುಡುದುಡು ಅಂತ ಹೋಗಿ ದುಡುದುಡು ಅಂತ ವಾಪಸ್ ಬರ್ಬೇಕು. ಎಲ್ಲಿಗೆ ಅಂತ ಕೇಳಿದ್ರೆ ಎಲ್ಲಿಗೂ ಇಲ್ಲ ಅನ್ಲಾ? ಎಲ್ಲಿಗೂ ಇಲ್ಲ ಅನ್ನೋನ್ನ ಏನಂತಾರೆ ಈ ಊರಲ್ಲಿ?"

ನಮ್ಮ ಕಡೆ ದಾರಿಯಲ್ಲಿ ಸಿಕ್ಕವರು ಮೊದಲು ಕೇಳುವುದೇ ಎಲ್ಲಿಗೆ ಎಂದು. ಹೊಲಕ್ಕೆ, ಸಂತೆಗೆ, ಆಸ್ಪತ್ರೆಗೆ, ಒಂದು ಊರಿನ ಹೆಸರು, ಏನಾದರೂ ಹೇಳಲೇಬೇಕು. ಹೋಗಿ ಬರುವುದಕ್ಕೇ ಹೋಗುತ್ತಿದ್ದೇನೆ ಎನ್ನುವ ಉತ್ತರ ನಮ್ಮಲ್ಲಿಲ್ಲ. ವರ್ಷಗಟ್ಟಲೆ ಜಗಲಿಯಲ್ಲಿ ಕೂತು ಆ ಪ್ರಶ್ನೆ ಕೇಳಿದವನಿಗೆ ಅದು ಚೆನ್ನಾಗಿ ಗೊತ್ತಿತ್ತು.

ಎರಡು ಕಂಬ ಕಳೆದ ಮೇಲೆ ನಾನು ಸೊಂಟ ಹಿಡಿದು ನಿಂತೆ. ಅಪ್ಪನೂ ನಿಂತ. ನಾನು ಏದುಸಿರು ಬಿಡುತ್ತಿದ್ದೆ, ಅವನು ಬಿಡುತ್ತಿರಲಿಲ್ಲ.

"ಅಪ್ಪಾ, ನೀನು ಎರಡು ಕಂಬ ಪೂರ್ತಿ, ಜೋರಾಗಿ ನಡೀತಾ, ಭಾಷಣ ಮಾಡ್ದೆ. ಮೊದ್ಲು ಅರ್ಧ ಕಂಬಕ್ಕೇ ಸ್ಪೀಡು ಅನ್ನಕ್ಕೂ ಆಗ್ತಿರ್ಲಿಲ್ಲ."

"ಏನೀಗ?"

"ನಿನ್ನ ಕಾಲು ಪಳಗಿದೆ. ನಾನು ಬೇಕಾಗಿಲ್ಲ ನಿಂಗೆ. ನಿನ್ನ ಸ್ಪೀಡಿಗೆ ನಾನೇ ಅಡ್ಡ. ಇನ್ನೂ ಜೋರು ಮಾಡ್ಬೇಕು, ನಾನು ಜೊತೇಲಿದ್ರೆ ಆಗಲ್ಲ. ನಾಳೆಯಿಂದ ನಾನು ಬರಲ್ಲ."

"ಅಂಗಾದ್ರೆ ನಾನೂ ಬರಲ್ಲ."

ಮಾತು ಮುಗಿದಿತ್ತು, ದಾರಿ ಮುಗಿದಿರಲಿಲ್ಲ. ಹಿಂದಕ್ಕೂ ಅಷ್ಟೇ ದೂರ, ಮುಂದಕ್ಕೂ ಅಷ್ಟೇ ದೂರ. ಇಬ್ಬರೂ ಮುಖ ತಿರುಗಿಸಿಕೊಂಡು ಡಾಂಬರು ರಸ್ತೆಯತನಕ ಒಟ್ಟಿಗೇ ಹೋದೆವು. ಅಷ್ಟು ಸಿಟ್ಟಿನಲ್ಲೂ ಕಂಬ ಬಂದಾಗ ಇಬ್ಬರ ಕಾಲೂ ತಾವಾಗಿಯೇ ಜೋರಾಗುತ್ತಿದ್ದವು, ಮುಂದಿನ ಕಂಬದಲ್ಲಿ ತಾವಾಗಿಯೇ ನಿಧಾನವಾಗುತ್ತಿದ್ದವು. ಯಾರೂ ನಗಲಿಲ್ಲ.

ಆಮೇಲೆ ಕೆಲವು ದಿನ ಇಬ್ಬರೂ ಮನೆ ಬಿಡಲಿಲ್ಲ. ಅಪ್ಪ ಜಗಲಿಗೆ ಹೋದ. ನಾನು ಒಳಗೆ ಕೂತು ದಿನ ಎಣಿಸಿದೆ, ಕಾಲೇಜು ಶುರುವಾಗುವುದು ಹತ್ತಿರವಾಗುತ್ತಿತ್ತು. ಬೀದಿಗೆ ಹೋಗಿ ನಿಂತು "ಕಾಯಿಲೆ ನನಗಲ್ಲ, ಅಪ್ಪನಿಗೆ" ಎಂದು ಒಂದು ಮಾತು ಹೇಳಿದರೆ ನನ್ನ ಹೆಸರು ಉಳಿಯುತ್ತಿತ್ತು. ಆದರೆ ಆ ಮಾತು ಕೇಳಿದ ಮೇಲೆ ಅಪ್ಪ ಯಾವ ದಾರಿಯಲ್ಲೂ ನಡೆಯುತ್ತಿರಲಿಲ್ಲ. ಹೇಳದೆ ಕೊರಟಗೆರೆಗೆ ಹೋಗಿಬಿಟ್ಟರೂ ನಡೆಯುತ್ತಿರಲಿಲ್ಲ. ಯಾವ ಕಡೆಯಿಂದ ವಾದ ಹೂಡಿದರೂ ಅದೇ ಬೇಲಿಗೆ ಬಂದು ಮುಟ್ಟುತ್ತಿತ್ತು. ಜಗಲಿಯ ಮೇಲೆ ಅಪ್ಪನಿಗೂ ನೆಮ್ಮದಿ ಇರಲಿಲ್ಲ. ಎದ್ದು ಬೀದಿಯ ತುದಿವರೆಗೆ ಹೋಗುವನು, ಬರುವನು, ಕೂರುವನು, ತೊಡೆ ಒತ್ತಿಕೊಳ್ಳುವನು.

ಒಂದು ಬೆಳಿಗ್ಗೆ ಮೆಟ್ಟು ಹಾಕಿಕೊಳ್ಳುವ ಸದ್ದು ಕೇಳಿಸಿತು. ನಾನು ಏಳಲಿಲ್ಲ. ಕಿಟಕಿಯಿಂದ ನೋಡಿದರೆ ಎದುರಿನ ಡೈರಿಯ ಮುಂದೆ ಹಾಲು ಹಾಕಲು ಬಂದವರ ಸಾಲಿತ್ತು. ಅಪ್ಪ ಅವರನ್ನು ದಾಟಿ ಒಬ್ಬನೇ ಹೊರಟಿದ್ದ. ಸಾಲಿನಲ್ಲಿದ್ದ ಒಬ್ಬರು ತೆಲುಗಿನಲ್ಲಿ ಕೂಗಿದರು: "ಏಮಣ್ಣಾ, ಎಕ್ಕಡಿಕಿ? ಕೂತುರು ರಾಲೇದಾ?" ಎಲ್ಲಿಗೆ, ಮಗಳು ಬರಲಿಲ್ಲವೇ ಎಂದು. ಅಪ್ಪ ನಿಂತ. ಆ ಸಾಲು ಪೂರ್ತಿ ಅವನ ಕಡೆ ತಿರುಗಿತ್ತು. ಅಮ್ಮ ಬಂದು ನನ್ನ ಹಿಂದೆ ನಿಂತಳು. ಅವನು ನಿಜ ಹೇಳುತ್ತಾನೆ ಎಂದು ನನಗೆ ಅನಿಸಿತು, ದೇವರಾಣೆ ಅನಿಸಿತು.

"ಮಗಳಿಗೆ ವಾಸಿ ಆಯ್ತು ಕಣಣ್ಣ" ಎಂದ ಅಪ್ಪ. "ಕೊರಟಗೆರೇಲಿ ಕೆಲ್ಸ ಸಿಕ್ಕೈತೆ, ಹೊಂಟವ್ಳೆ. ನಂಗೆ ಅಭ್ಯಾಸ ಬಿದ್ಬುಟ್ಟೈತೆ, ನಡೀದಿದ್ರೆ ಕಾಲು ಸುಮ್ನಿರಲ್ಲ."

"ಪೂರ್ತಿ ವಾಸಿನಾ?"

"ಪೂರ್ತಿ. ಬರೀ ನಡೆದೇ."

ಹಾಗಂದು ಬೇಲಿಗಳ ಕಡೆ ಹೊರಟ. ಸಕ್ಕರೆ ಕಾಯಿಲೆ ಪೂರ್ತಿ ವಾಸಿಯಾಗುವುದಿಲ್ಲ, ಹತೋಟಿಗೆ ಬರುತ್ತದೆ ಅಷ್ಟೇ, ಮೇಲಾಗಿ ನನಗೆ ಅದು ಬಂದೇ ಇಲ್ಲ. ಇಷ್ಟೂ ಖಂಡನೆ ನನ್ನ ನಾಲಿಗೆಯ ತುದಿಯಲ್ಲಿತ್ತು. ಅಮ್ಮ ನನ್ನ ಭುಜದ ಮೇಲೆ ಕೈಯಿಟ್ಟು, "ಬಾಯಿ ಮುಚ್ಕೊಂಡು ಬಟ್ಟೆ ಜೋಡ್ಸ್ಕೊ" ಎಂದಳು.

ಕೊರಟಗೆರೆಗೆ ಹೊರಟ ದಿನ ಪಾವಗಡದಲ್ಲಿ ಬಸ್ಸು ಹತ್ತಿದಾಗ ಪಕ್ಕದ ಸೀಟಿನಲ್ಲಿ ರಾಯಚರ್ಲಿನ ಒಬ್ಬ ಹೆಂಗಸು ಕೂತಿದ್ದರು, ಹಿಂದಿನ ಬೀದಿಯ ದೊಡ್ಡಮ್ಮನ ಕಡೆಯ ನೆಂಟರು. ಮಧುಗಿರಿಗೆ ಮಗಳ ಮನೆಗೆ ಹೊರಟವರು. ಬುತ್ತಿ ಬಿಚ್ಚಿ ಒಂದು ಒಬ್ಬಟ್ಟು ನನ್ನ ಕೈಗೆ ನೀಡಿದವರು, ಮುಖ ನೋಡಿ ಗುರುತು ಹಿಡಿದು ಒಬ್ಬಟ್ಟನ್ನು ಹಿಂದಕ್ಕೆ ಎಳೆದುಕೊಂಡರು.

"ಅಯ್ಯೋ, ತಿರುಮಣಿಯ ಸಕ್ಕರೆ ಹುಡ್ಗಿ ಅಲ್ವಾ ನೀನು? ವಾಸಿ ಆಯ್ತಂತೆ? ನಂಗೂ ಐತೆ ಕಣಮ್ಮ, ಆರು ವರ್ಷದಿಂದ. ಏನ್ ತಗೊಂಡೆ?"

ಬಸ್ಸು ತುಂಬಿತ್ತು. ಎದ್ದು ಬೇರೆ ಕಡೆ ಕೂರಲು ಸೀಟಿರಲಿಲ್ಲ. ನಾನು ಅವರ ಊದಿದ ಪಾದಗಳನ್ನೂ ಮಡಿಲಲ್ಲಿದ್ದ ಒಬ್ಬಟ್ಟಿನ ಡಬ್ಬಿಯನ್ನೂ ನೋಡಿದೆ. ನಾನು ನಿಜ ಹೇಳಿಬಿಟ್ಟರೆ ಮಧುಗಿರಿ ತಲುಪುವ ಮೊದಲೇ ಈಕೆಯ ಫೋನು ತಿರುಮಣಿಗೆ ಮುಟ್ಟುತ್ತಿತ್ತು.

"ಏನೂ ತಗೊಂಡಿಲ್ಲಮ್ಮ. ನಡೆದೆ. ಒಂದು ಕಂಬ ಜೋರು, ಒಂದು ಕಂಬ ನಿಧಾನ. ಮೊದ್ಲು ಡಾಕ್ಟ್ರನ್ನ ಕೇಳಿ, ಎದೆ ತೋರಿಸ್ಕೊಂಡು ಶುರು ಮಾಡಿ. ಮಾತ್ರೆ ಮಾತ್ರ ಬಿಡ್ಬೇಡಿ."

"ನಿಂಗೇ ವಾಸಿ ಆಗೈತೆ ಅಂದ್ಮೇಲೆ ಇನ್ನೇನು, ನಾಳೆಯಿಂದ್ಲೇ ನಡೀತೀನಿ" ಎಂದರು ಆಕೆ. ಕಾಯಿಲೆಯೇ ಇಲ್ಲದ ರೋಗಿಯ ಸಾಕ್ಷಿ ನಂಬಿ ಒಬ್ಬರು ನಡೆಯಲು ಹೊರಟಿದ್ದರು. ನನ್ನ ಜೀವನದಲ್ಲಿ ಇಷ್ಟು ಬೇಗ ನಾನು ಯಾರನ್ನೂ ಒಪ್ಪಿಸಿರಲಿಲ್ಲ. ಜೋರು ಎಂದರೆ ಎಷ್ಟು ಜೋರು ಎಂದು ಅವರು ಕೇಳಿದರು. ಮಾತಾಡಲು ಆಗದಷ್ಟು ಎಂದು ಹೇಳಿ, ಕಿಟಕಿಯ ಕಡೆ ತಿರುಗಿ ಕೂತೆ.